ಸೂರ್ಯನಿಗೆ ಬಾಗಿಲು, ಮಂದಿಗೆ ಗೋಡೆ

ಸೂರ್ಯ ನಿಜವಾಗಿ ಪೂರ್ವದಲ್ಲೇ ಹುಟ್ಟುತ್ತಾನೆಯೇ ಎಂದು ಖುದ್ದು ತಪಾಸಣೆ ಮಾಡಿದ ಮನುಷ್ಯ ಬೆಳಗಾವಿಯಲ್ಲಿ ಒಬ್ಬರೇ; ಅವರು ನಮ್ಮ ಕಾಕಾ! ಶಹಾಪುರದ ಹಳೆ ಮನೆ ಬಿಟ್ಟು ರಾಮತೀರ್ಥ ನಗರದಲ್ಲಿ ಹೊಸದು ಕಟ್ಟುವಾಗ ಅವರದು ಒಂದೇ ಹಟ: ಅವರ ಹೆಂಡತಿ, ಅಂದರೆ ನಮ್ಮ ಕಾಕು, ಕೂಡುವ ಟೆರೇಸಿನ ಮೇಲೆ ಬಿಸಿಲು ಬೀಳಬೇಕು, ಯಾರ ಕಣ್ಣೂ ಬೀಳಬಾರದು.

ಬಿಸಿಲು ಅಳೆಯಲು ಖಾಲಿ ಪ್ಲಾಟಿನ ನಡುವೆ ಕುರ್ಚಿ ಹಾಕಿ ಕುಳಿತರು. ಯಾವಾಗ? ಆಷಾಢದಲ್ಲಿ! ಎಂಟು ದಿನ ಛತ್ರಿ ಹಿಡಿದು ಕಾದದ್ದಕ್ಕೆ ಸಿಕ್ಕಿದ್ದು ನೆಗಡಿ. ದೀಪಾವಳಿಯ ನಂತರ ಮತ್ತೆ ಹೋಗಿ ಕೋಲು ನೆಟ್ಟು, ನೆರಳಿನ ತುದಿಗೆ ಗಂಟೆಗೊಂದು ಸುಣ್ಣದ ಗೆರೆ ಎಳೆದರು. ದಾರಿಹೋಕರು ನಿಂತು ಕೇಳಿದರು: “ಖೋಖೋ ಮ್ಯಾಚ್ ಯಾವಾಗ್ರೀ?”

ಗೋಡೆ ಕಟ್ಟುವ ಗೌಂಡಿ ಕೈಮುಗಿದ. “ಮಾಲಕ್ರ, ಗ್ವಾಡಿ ಏರಿಸಿದ್ರ ಬಿಸಲಿಲ್ಲ, ಇಳಿಸಿದ್ರ ಮಂದಿ ನೋಡ್ತಾರ. ಒಂದರ ಬಿಡ್ರಿ.”

“ಬಿಸಲು ಮ್ಯಾಲಿಂದ ಬರತೈತಿ, ಮಂದಿ ಕಣ್ಣು ಬಾಜೂಕಿಂದ ಬರತಾವ. ಏರಸು! ನೆರಳು ಬೀಳೂ ಜಾಗಾ ಬಿಟ್ಟು ಆಚಿಗೆ ಕುಂತ್ರಾತು.”

ಹಾಗೆ ಆಚೆಗೆ ಕೂಡಲು ಟೆರೇಸ್ ಅಗಲವಾಗಬೇಕು. ಅದಕ್ಕಾಗಿ ಮೇಲಿನ ಮಹಡಿಯಲ್ಲಿದ್ದ ತಮ್ಮ ಸ್ವಂತ ಕೋಣೆಯನ್ನೇ, ಇಂಜಿನಿಯರ್ ಬೇಡವೆಂದರೂ, ನಕ್ಷೆಯಿಂದ ಹೊಡೆದು ಹಾಕಿದರು. ಸೂರ್ಯನಿಗಾಗಿ ಕೋಣೆ ಬಿಟ್ಟುಕೊಟ್ಟ ಮನೆತನ ನಮ್ಮದು ಸ್ವಾಮೀ, ಸುಮ್ಮನೆಯೇ?

ಕೊನೆಗೆ ಪರೀಕ್ಷೆ. ಊರವರನ್ನೆಲ್ಲ ಅಣಕಿಸುವ ನನಗೆ ಕಾಕುವಿನ ಹಳೆ ಸೀರೆ ಸುತ್ತಿ ಟೆರೇಸಿನಲ್ಲಿ ಕೂಡಿಸಿದರು. ನಾನೂ ಕಾಕುವಿನಂತೆ ಮೊಣಕಾಲು ಹಿಡಿದು, “ಅಯ್ಯಯ್ಯ, ಮಂಡಿ!” ಎನ್ನುತ್ತ ಕುಳಿತೆ. ಕಾಕಾ ಓಣಿಯ ಪ್ರತಿ ಮಾಳಿಗೆ ಹತ್ತಿ ಇಣುಕಿದರು. ಮೂರನೇ ಮನೆಯ ಅಜ್ಜಿ ಅಲ್ಲಿಂದಲೇ ಕೂಗಿದಳು: “ಯಾರ್ರೀ ಆ ಮೀಸಿ ಬಿಟ್ಟಾಕಿ?”

“ಕಾಣಸ್ತಾನಲ್ಲೋ!” ಎಂದು ಕಾಕಾ ತಲೆ ಹಿಡಿದುಕೊಂಡರು. ಗೋಡೆ ಮತ್ತೆ ಎರಡು ಸಾಲು ಇಟ್ಟಿಗೆ ಏರಿತು. ನನ್ನ ಮೀಸೆ ಅಂದೇ ಇಳಿಯಿತು.

ಗೃಹಪ್ರವೇಶವಾಗಿ ಮೊದಲ ರವಿವಾರ. ಟೆರೇಸಿಗೆ ಓಡಿದೆ, ಮೆಟ್ಟಿಲಿಗೆ ಅಡ್ಡ ಕಾಕಾ ಕುಳಿತಿದ್ದರು.

“ಮ್ಯಾಲೆ ಹೋಗಬ್ಯಾಡ. ನಿಮ್ಮ ಕಾಕು ಕೂದಲಾ ಒಣಗಸಾಕತ್ತಾಳ.”

“ಇಷ್ಟಕ್ಕ ಇಷ್ಟೆಲ್ಲಾನೂ?” ಎಂದು ನಕ್ಕೆ.

ಕಾಕಾ ನಗಲಿಲ್ಲ. “ಖಾನಾಪುರಕ್ಕ ಹೆಣ್ಣು ನೋಡಾಕ ಹೋದಾಗ ಹಿತ್ತಲಾಗ ಬಿಸಲಿಗೆ ಕೂದಲಾ ಹರವಿ ಕುಂತಿದ್ಲು. ನಮ್ಮ ಶಹಾಪುರದ ಮನ್ಯಾಗ ಬಿಸಲು ಬೀಳೂದು ಬಾಗಲ ಕಟ್ಟಿ ಮ್ಯಾಲೆ ಅಷ್ಟ. ಅಲ್ಲಿ ಓಣಿ ಮಂದಿ. ಮೂವತ್ತು ವರ್ಷ ಹಸಿ ಕೂದಲಾ ಹಂಗ ತುರುಬು ಕಟ್ಟ್ಯಾಳ, ತಮ್ಮಾ. ಒಂದ ಸಲಾನೂ ಬಾಯಿಬಿಟ್ಟು ಹೇಳಲಿಲ್ಲ.”

ಒಂದು ತಾಸಿನ ಮೇಲೆ ಕಾಕು ಇಳಿದು ಬಂದರು. ಬಿಚ್ಚಿದ ಕೂದಲು ಮೊಣಕಾಲ ತನಕ. ಅಷ್ಟಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಗಂಡನ ಮುಂದೆ ಒಂದು ಹಿಡಿ ಎತ್ತಿ ಹಿಡಿದರು.

“ಮುಟ್ಟಿ ನೋಡ್ರೀ. ಬುಡದ ತನಕಾ ಒಣಗೇತಿ.”

ಇಂಜಿನಿಯರ್, ಗೌಂಡಿ ಯಾರಿಗೂ ಸೋಲದ ಕಾಕಾ ಮುಟ್ಟಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, “ಹ್ಞೂಂ… ಬಿಸಲು ಚಲೋ ಐತಿ,” ಎಂದರು.