ತುಪ್ಪದಮ್ಮನ ಖರೇ ಹೆಸರು

ಪರಮೇಶಪ್ಪ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಸಣ್ಣದು. ಎರಡನೆಯ ಮಗಳು ಹುಟ್ಟಿದ ದಿನ ಅವನ ಅಜ್ಜಿ ಕೇಳಿದ್ದಳು: "ಪರಮ್ಯಾ, ಈ ಕೂಸಿಗೆ ನನ್ನ ಹೆಸರ ಇಡ್ತೀ ಹೌದಲ್ಲ?"

"ನಿಂದ ಇಡ್ತೇನಿ. ನಿನ್ನ ಆಣಿ."

"ನನ್ನ ಹೆಸರು ಗೊತ್ತೈತೋ ಇಲ್ಲೋ?"

"ಏನ್ ಮಾತಂತ ಆಡ್ತೀಬೇ! ಸಾಕಿದಾಕಿ ಹೆಸರು ಗೊತ್ತಿರೂದಿಲ್ಲೇನ?"

ಗೊತ್ತಿರಲಿಲ್ಲ.

ಇಡೀ ಯಲವಿಗಿ ಅವಳನ್ನು ಕರೆಯುತ್ತಿದ್ದುದು ತುಪ್ಪದಮ್ಮ ಎಂದು. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಯಾರ ಮಗು ಬಾಗಿಲಿಗೆ ಬಂದರೂ ಬಿಸಿ ರೊಟ್ಟಿಯ ಮೇಲೆ ತುಪ್ಪ ಸುರಿದು ಕೈಗಿಡುತ್ತಿದ್ದ ಅಮ್ಮ ತುಪ್ಪದಮ್ಮನಾದಳು. ಅದರ ಹಿಂದೆ ಇನ್ನೊಂದು ಹೆಸರು ಇದ್ದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸುಳ್ಳು ಹೇಳಿ ಹನ್ನೆರಡು ದಿನ ಪರಮೇಶಪ್ಪ ಆರಾಮಾಗಿದ್ದ. ಹದಿಮೂರನೆಯ ದಿನ ಬೆಳಿಗ್ಗೆ ಶಿಗ್ಗಾಂವಿಯಿಂದ ಅಕ್ಕ ದಾನವ್ವ ಬಂದಿಳಿದಳು. ಆ ದಿನ ದೀಪ ಹಚ್ಚುವ ಹೊತ್ತಿಗೆ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋದರತ್ತೆಯಾದವಳು ಕೂಸಿನ ಕಿವಿಯಲ್ಲಿ ಹೆಸರು ಹೇಳಿ "ಕುರ್ರ್" ಅನ್ನಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹೆಸರಿಡುವುದೆಂದರೆ ಅದು.

ದಾನವ್ವ ತಮ್ಮನನ್ನು ದನದ ಕೊಟ್ಟಿಗೆಗೆ ಎಳೆದುಕೊಂಡು ಹೋದಳು. "ಪರಮ್ಯಾ, ಕಿವ್ಯಾಗ ಏನಂತ ಹೇಳ್ಲೋ?"

"ಅಮ್ಮನ ಹೆಸರು ಹೇಳಬೇ."

"ಅದ ಏನು?"

"ನೀ ಹಿರ್ಯಾಕಿ. ನಿನಗ ಗೊತ್ತಿರಬೇಕಲ್ಲ!"

"ನನಗೇನ ಗೊತ್ತೋ ಯಪ್ಪಾ! ಹುಟ್ಟಿದಾಗಿಂದ ತುಪ್ಪದಮ್ಮ ಅಂದೇನಿ."

ಇಬ್ಬರೂ ಎಮ್ಮೆಯ ಮುಖ ನೋಡಿದರು. ಅದಕ್ಕೂ ಗೊತ್ತಿರಲಿಲ್ಲ.

ಕೇಳಿಬಿಟ್ಟರೆ ಆಯಿತಲ್ಲ ಎಂದು ನೀವು ಅನ್ನಬಹುದು. ನೀವು ತುಪ್ಪದಮ್ಮನನ್ನು ಕಂಡವರಲ್ಲ, ಅದಕ್ಕೇ ಅನ್ನುತ್ತೀರಿ. ಹಿರಿಯ ಮಗಳಿಗೆ ಹೆಂಡತಿಯ ತವರಿನ ಹೆಸರು ಇಟ್ಟಾಗ ಅವಳು ಸೀರೆ ಗಂಟು ಕಟ್ಟಿಕೊಂಡು ಸವಣೂರಿನ ತಮ್ಮನ ಮನೆಗೆ ಹೋಗಿ ಎರಡು ತಿಂಗಳು ಕೂತುಬಿಟ್ಟಿದ್ದಳು. ಆ ಎರಡು ತಿಂಗಳು ಎಮ್ಮೆ ಒದೆಯಿತು, ಹಾಲು ಹೆಪ್ಪಾಗಲಿಲ್ಲ, ಕೂಸು ಮಲಗಲಿಲ್ಲ. ಈ ಸಲವಂತೂ ಅವಳು ಮೊದಲೇ ಹೇಳಿದ್ದಳು, "ನನ್ನ ಹೆಸರು ಬರಲಿಲ್ಲಂದ್ರ ಹೋದಾಕಿ ತಿರುಗಿ ಬರಾಂಗಿಲ್ಲ" ಎಂದು. ಪ್ಲೇಗಿನಲ್ಲಿ ಒಂದೇ ವಾರ ಅವ್ವ ಅಪ್ಪ ಇಬ್ಬರನ್ನೂ ಕಳೆದುಕೊಂಡ ಮೂರು ವರ್ಷದ ಪರಮೇಶಪ್ಪನನ್ನು ಎದೆಗವಚಿಕೊಂಡು ಬೆಳೆಸಿದವಳು ಅವಳು. ಸಾಕಿದ ನನ್ನ ಹೆಸರೇ ಗೊತ್ತಿಲ್ಲವೇ ಎಂದು ಅವಳು ಕಣ್ಣೊರೆಸಿಕೊಂಡರೆ ಅವನು ಬದುಕುವುದು ಹೇಗೆ?

ಮೊದಲು ಕುಲಕರ್ಣಿಯವರ ಮನೆಗೆ ಓಡಿದ. ಅಮ್ಮನ ಹೆಸರಿನಲ್ಲಿ ನಾಲ್ಕು ಎಕರೆ ಎರೆಹೊಲ ಇತ್ತು. ಸರಕಾರದ ದಫ್ತರ ಸುಳ್ಳು ಹೇಳುವುದಿಲ್ಲವಲ್ಲ! ಕುಲಕರ್ಣಿಯವರು ಚಷ್ಮಾ ಏರಿಸಿ, ಧೂಳು ಊದಿ, ಬೆರಳಿಟ್ಟು ಓದಿದರು: "ತುಪ್ಪದಮ್ಮ ಕೋಂ ಬಸವಣ್ಣೆಪ್ಪ," ಅಂದರೆ ಪರಮೇಶಪ್ಪನ ಅಜ್ಜ ಬಸವಣ್ಣೆಪ್ಪನ ಹೆಂಡತಿ.

"ಖರೇ ಹೆಸರು ರೀ ಸಾಹೇಬ್ರ!"

"ಸರಕಾರಕ್ಕ ಇದ ಖರೇ ಹೆಸರು. ನಿನಗೇನಾರ ತಕರಾರು ಐತೇನ? ಅರ್ಜಿ ಕೊಡು."

ಅಲ್ಲಿಂದ ಸೂಲಗಿತ್ತಿ ಮರಿಯಮಬಿಯ ಮನೆಗೆ. ಪರಮೇಶಪ್ಪನ ಅಪ್ಪನನ್ನೂ ಭೂಮಿಗೆ ಇಳಿಸಿಕೊಂಡ ಮುದುಕಿ ಆಕೆ. "ಹೆಸರ್ಯಾಕ ಬೇಟಾ? ಹೆರಿಗಿ ನೋವಿನ್ಯಾಗ ಯಾರ ಹೆಸರ ಕೇಳ್ತಾರ? ನಾ ಅಕಿನ್ನ ಬೆಹೆನಾ ಅಂದೆ, ಅಕಿ ನನ್ನ ಅಕ್ಕಾ ಅಂದ್ಲು. ಮುಗೀತು," ಎಂದಳು.

ಉಳಿದದ್ದು ಸವಣೂರು. ಅಲ್ಲಿ ಅಮ್ಮನ ತಮ್ಮ ನೀಲಪ್ಪ ಇದ್ದ. ಒಡಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ! ಸ್ಟೇಷನ್ನಿನ ಮುಂದೆ ಹಸನಸಾಬ ಟಾಂಗಾ ಕಟ್ಟುತ್ತಿದ್ದ. ಪರಮೇಶಪ್ಪ ಹತ್ತಿ ಕೂತು, ಯಾರಿಗೂ ಹೇಳಬಾರದು ಎಂದು ಮೂರು ಸಲ ಮಾತು ತೆಗೆದುಕೊಂಡು ಸಂಗತಿ ಹೇಳಿದ. ಹಸನಸಾಬ ಮಾತಿಗೆ ತಪ್ಪುವವನಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಒಬ್ಬರಿಗೆ ತಮ್ಮ ಅಮ್ಮನ ಹೆಸರ ಗೊತ್ತಿಲ್ಲರಿ. ಯಾರು ಅಂತ ಮಾತ್ರ ನಾ ಹೇಳಾಂಗಿಲ್ಲ," ಎಂದು ಹೇಳುತ್ತ ಹೊರಟ. ಟಾಂಗಾದಲ್ಲಿ ಇದ್ದವನು ಪರಮೇಶಪ್ಪ ಒಬ್ಬನೇ.

ಸವಣೂರಿನಲ್ಲಿ ನೀಲಪ್ಪ ಕಟ್ಟೆಯ ಮೇಲೆ ಕೂತು ಎಲೆ ಮಡಿಸುತ್ತಿದ್ದ. ಕಿವಿ ಮಂದ.

"ಅಜ್ಜಾ, ನಿಮ್ಮ ಅಕ್ಕನ ಹೆಸರೇನು?"

"ಯಾರದು?"

"ಅಕ್ಕಂದು, ಅಕ್ಕಂದು!"

"ಅಕ್ಕ."

"ಅಲ್ಲೋ ಅಜ್ಜಾ, ಹೆಸರು!"

"ಅಕ್ಕ ಅಂದ್ರ ಅಕ್ಕ. ಅಕಿ ಲಗ್ನ ಆಗಿ ಹೋದಾಗ ನಾ ತೊಟ್ಟಲದಾಗ ಇದ್ದೆ. ತೊಟ್ಟಲದಾಗ ಎದ್ದು ಕುಂತು ಹೆಸರ ಕೇಳ್ಬೇಕಿತ್ತೇನು?"

ಪರಮೇಶಪ್ಪ ತಲೆಗೆ ಕೈಹೊತ್ತು ಕೂತ. ಆಗ ಒಳಗಿನಿಂದ ನೀಲಪ್ಪನ ಹೆಂಡತಿ ಸಾವಂತ್ರವ್ವ ಕೆಮ್ಮಿದಳು. "ನನಗ ಗೊತ್ತೈತಿ ಬಾ. ನಮ್ಮತ್ತಿ ದೂರ ಕೊಟ್ಟ ಮಗಳ ಹೆಸರು ಹಿಡದು ಅಳ್ತಿದ್ಲು, ಕೇಳೇನಿ."

"ಹೇಳಬೇ ಅಮ್ಮಾ! ನಿನ್ನ ಕಾಲಿಗೆ ಬೀಳ್ತೇನಿ."

"ಹೆಂಗ ಹೇಳ್ಲೋ? ಗಂಡನ ಅಕ್ಕ. ಹಿರ್ಯಾಕಿ ಹೆಸರು ಬಾಯಿಲೆ ಅನಬಾರದು."

ಗಂಡನ ಹೆಸರು, ಅತ್ತೆ ಮಾವನ ಹೆಸರು, ಗಂಡನಿಗಿಂತ ದೊಡ್ಡವರ ಹೆಸರು, ಯಾವುದನ್ನೂ ನಮ್ಮ ಹೆಣ್ಣುಮಕ್ಕಳು ಬಾಯಿಗೆ ತರುವುದಿಲ್ಲ. ಆದರೆ ಸಾವಂತ್ರವ್ವ ಜಾಣೆ. ಆರಿದ ಒಲೆಯ ಮೇಲಿನ ರೊಟ್ಟಿ ಹಂಚನ್ನು ತೆಗೆದು, ತಿರುವಿ, ತಳವನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದನ್ನ ನೋಡಿ ಹೇಳು. ಕಡೀಕ ಅವ್ವ ಹಚ್ಚು."

"ಹಂಚವ್ವ?"

"ಥೂ!"

"ರೊಟ್ಟೆವ್ವ?"

"ಏ ಕ್ವಾಣಾ! ತಳ ನೋಡೋ, ತಳ!"

"ಮಸಿಯವ್ವ?"

ಸಾವಂತ್ರವ್ವ ತಾಳ್ಮೆಗೆಟ್ಟು ಹಂಚಿನ ತಳಕ್ಕೆ ಕೈ ಉಜ್ಜಿ ಅವನ ಎರಡೂ ಕೆನ್ನೆಗೆ ಬಳಿದಳು. "ಈಗ ನಿನ್ನ ಬಣ್ಣ ಏನಾತು?"

"ಕರೇದಾತು... ಕರೆವ್ವ! ಅಮ್ಮಾ, ಕರೆವ್ವ!"

ಸಾವಂತ್ರವ್ವ ಎರಡೂ ಕೈ ಎತ್ತಿ ದೇವರಿಗೆ ಮುಗಿದಳು.

ವಾಪಸು ಬರುವ ಟಾಂಗಾದಲ್ಲಿ ಮರೆತುಹೋದೀತು ಎಂಬ ಹೆದರಿಕೆಗೆ ಪರಮೇಶಪ್ಪ ಕಣ್ಣು ಮುಚ್ಚಿ, "ಕರೆವ್ವ, ಕರೆವ್ವ, ಕರೆವ್ವ" ಎಂದು ಜಪಿಸುತ್ತ ಕೂತ. ನಡುವೆ ಹತ್ತಿದ ಮುದುಕಿಯೊಬ್ಬಳು ಮಸಿ ಮುಖದವನನ್ನು ನೋಡಿದಳು, ಜಪ ಕೇಳಿದಳು, ಮೈಮೇಲೆ ದೇವಿ ಬಂದಿದ್ದಾಳೆಂದು ತಿಳಿದಳು. ಸಂಚಿಯಿಂದ ಕುಂಕುಮ ತೆಗೆದು ಅವನ ಹಣೆತುಂಬ ಹಚ್ಚಿ, "ತಾಯೀ, ನನ್ನ ಸೊಂಟ ಯಾವಾಗ ನೆಟ್ಟಗಾಗ್ತೈತಿ?" ಎಂದು ಕೇಳಿದಳು. ಪರಮೇಶಪ್ಪನಿಗೆ ಉತ್ತರ ಕೊಡಲು ಧೈರ್ಯವಾಗಲಿಲ್ಲ, ಬಾಯಿ ತೆರೆದರೆ ಹೆಸರು ಹಾರಿಹೋದೀತು. "ಕರೆವ್ವ" ಎಂದ. ಮುದುಕಿಗೆ ಅಷ್ಟರಲ್ಲೇ ಸಮಾಧಾನವಾಯಿತು.

ಮನೆಗೆ ಬಂದಾಗ ದೀಪ ಹಚ್ಚಿ ಆಗಿತ್ತು. ಓಣಿಯ ಹೆಂಗಸರೆಲ್ಲ ತೊಟ್ಟಿಲ ಸುತ್ತ ನೆರೆದಿದ್ದರು. ಹೊಸ ಇಳಕಲ್ಲ ಸೀರೆ ಉಟ್ಟು ತುಪ್ಪದಮ್ಮ ನಡುವೆ ಕೂತಿದ್ದಳು, ಮದುಮಗಳ ಹಾಗೆ. ಕಪ್ಪು ಕೆಂಪು ಬಳಿದುಕೊಂಡ ಗಂಡನನ್ನು ಕಂಡು ಬಾಣಂತಿ ಹೊನ್ನವ್ವ ಹೌಹಾರಿದಳು. ಪರಮೇಶಪ್ಪ ಯಾರ ಮಾತಿಗೂ ನಿಲ್ಲದೆ ಅಕ್ಕನ ಕಿವಿಯಲ್ಲಿ ಉಸುರಿದ. ಎದೆಯ ಮೇಲಿನ ಬಂಡೆ ಇಳಿಯಿತು.

ದಾನವ್ವ ತೊಟ್ಟಿಲಿಗೆ ಬಾಗಿದಳು. "ಕರೆವ್ವಾ... ಕುರ್ರ್!"

ಧಬಧಬ ಗುದ್ದು ಬಿದ್ದವು. ಆ ಸದ್ದಿನ ನಡುವೆ ತುಪ್ಪದಮ್ಮ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತಳು.

"ಅಯ್ಯಯ್ಯ ಶಿವನ! ಯಾರ ಹೇಳಿದ್ರೋ ನಿನಗ ಆ ಹೆಸರು?"

"ನಿಂದ ಅಲ್ಲೇನಬೇ ಅದು?" ಪರಮೇಶಪ್ಪ ತೊಟ್ಟಿಲ ಹಗ್ಗ ಹಿಡಿದುಕೊಂಡ.

"ನಂದ ಐತಿ. ನಂದಷ್ಟ ಆಗಿದ್ರ ಚಲೋ ಇತ್ತು. ನಮ್ಮತ್ತಿದೂ ಅದ ಹೆಸರೋ! ಒಂಬತ್ತು ವರ್ಷದಾಕಿ ಈ ಮನಿಗೆ ಬಂದೆ. ಮಾವ ಹೆಂಡ್ತಿ ಹೆಸರು ಅನ್ನಾಂವಲ್ಲ. ನಿಮ್ಮಜ್ಜ ಹಡದವ್ವನ ಹೆಸರು ಹಿಡದು ಕರಿಯಾಂವಲ್ಲ. ಅತ್ತಿ ತನ್ನ ಹೆಸರು ತಾನ ಹೆಂಗ ಕೂಗಬೇಕು? ಆ ಹೆಸರು ಅವತ್ತ ಬಾಗಲ ಹೊರಗ ಉಳೀತು. ತುಪ್ಪದಮ್ಮ ಅನ್ನೂದನ್ನ ನಾ ಕೈಯಾರೆ ದುಡದು ಗಳಿಸೇನಿ. ನನ್ನ ಹೆಸರಂದ್ರ ಅದ. ಇಡು ಅಂದದ್ದು ಅದನ್ನ, ಗೊತ್ತೈತೋ ಇಲ್ಲೋ ಅಂತ ಕೇಳಿದ್ದೂ ಅದನ್ನ!"

ಹೊನ್ನವ್ವ ಬಾಯಿಗೆ ಸೆರಗು ಹಿಡಿದಳು. "ಹಂಗಾರ ಅಮ್ಮಾರ ಹೆಸರು ನಾನೂ ಅನ್ನಾಂಗಿಲ್ಲ. ಹಡದ ಮಗಳನ್ನ ನಾ ಏನಂತ ಕರೀಲಿ?"

"ಅಕ್ಕಾ, ಇನ್ನೊಮ್ಮೆ ಬ್ಯಾರೆ ಹೆಸರು ಹೇಳಿಬಿಡಬೇ," ಎಂದು ಪರಮೇಶಪ್ಪ ಅಂಗಲಾಚಿದ.

"ಇನ್ನೊಮ್ಮೆ? ನೀ ಹೇಳು, ನಿನ್ನ ಬೆನ್ನ ಮ್ಯಾಲ ಗುದ್ದಿಸ್ಕೋ!" ದಾನವ್ವ ಬೆನ್ನು ಹಿಡಿದುಕೊಂಡು ಗೋಡೆಗೆ ಒರಗಿದಳು.

ಗದ್ದಲಕ್ಕೆ ಕೂಸು ಕಿಟಾರನೆ ಕಿರುಚಿತು. ತುಪ್ಪದಮ್ಮನಿಗೆ ಅದನ್ನು ಕೇಳಿ ಸುಮ್ಮನೆ ನಿಲ್ಲಲಾಗಲಿಲ್ಲ. ಎತ್ತಿ ಭುಜಕ್ಕೆ ಹಾಕಿಕೊಂಡು, "ಅಳಬ್ಯಾಡ ನನ್ನವ್ವ, ಅಳಬ್ಯಾಡ ನನ್ನ ತುಪ್ಪದಮ್ಮ," ಎಂದಳು. ಕೂಸು ಗಪ್ಪಾಯಿತು.

"ಹೂಂ, ಅದ ಹೆಸರು! ನಮ್ಮ ತುಪ್ಪದಮ್ಮ!" ಎಂದು ಹೆಂಗಸರೆಲ್ಲ ಒಂದೇ ಸಲ ಕೂಗಿ ಸಕ್ಕರೆ ಹಂಚತೊಡಗಿದರು. ಊರೇ ಕೂಗುವ ಹೆಸರಿಗೆ ಬಾಯಿಕಟ್ಟು ಇಲ್ಲವಲ್ಲ ಎಂದು ಹೊನ್ನವ್ವ ನಕ್ಕಳು, ದಾನವ್ವ ಬೆನ್ನುನೋವು ಮರೆತು ನಕ್ಕಳು. ಪರಮೇಶಪ್ಪನಿಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂದು ಮಸಿ, ಕುಂಕುಮ ಎರಡೂ ಗಲ್ಲದವರೆಗೆ ಇಳಿದವು.

"ಅಂದ್ರ ನೀ ಸವಣೂರಿಗೆ ಹೋಗಾಂಗಿಲ್ಲಲ್ಲ, ತುಪ್ಪದಮ್ಮಾ?"

ಅವಳು ತಿರುಗಲಿಲ್ಲ. ಅವನು ಇನ್ನೊಮ್ಮೆ ಕರೆದ. ಅವಳು ಭುಜದ ಮೇಲಿನ ಕೂಸನ್ನು ತೋರಿಸಿದಳು.

"ಅಕಿ ಮಲಗ್ಯಾಳ, ಒದರಬ್ಯಾಡ. ನನ್ನ ಹೆಸರು ಅಕಿಗೆ ಕೊಟ್ಟು ಆತು. ಈಗ ನನಗ ಹೆಸರಿಲ್ಲ. ನಾಳೆ ಹೊತ್ತು ಮುಳಗೂದ್ರಾಗ ನನಗೊಂದು ಚಲೋ ಹೆಸರು ಹುಡಿಕ್ಕೊಂಡು ಬಾ, ಪರಮ್ಯಾ. ಅಲ್ಲೀ ತನಕಾ ಯಾರು ಏನಂತ ಕರದ್ರೂ ನಾ ಓ ಅನ್ನಾಂಗಿಲ್ಲ."