ಮೈಮೇಲಿನ ಸಕ್ಕರೆ

ಒಂದೇ ಮಾತಿನಲ್ಲಿ ಹೇಳಬೇಕು. ಆದರೆ ಯಾವ ಮಾತು? ಭ್ರೂಣದ ಎಳೆಯ ಕೋಶಗಳ ಮೈಮೇಲೆ ಸಕ್ಕರೆಯ ನವಿರಾದ ಹೊದಿಕೆ ಇರುತ್ತದೆ, ಹೊರಗಿನ ಸುದ್ದಿಯನ್ನು ಹಿಡಿದು ಒಳಗೆ ಮುಟ್ಟಿಸುವುದು ಅದೇ, ಅದಿಲ್ಲದಿದ್ದರೆ ಕೋಶ ನರವೂ ಆಗದೆ ಗುಂಡಿಗೆಯೂ ಆಗದೆ ಇದ್ದಂತೆಯೇ ಕೂತುಬಿಡುತ್ತದೆ. ಇದನ್ನೆಲ್ಲ ಹೆಣ್ಣಿನ ತಂದೆಗೆ ಹೇಳುವುದು ಹೇಗೆ?

ಹೆಣ್ಣು ನೋಡಲು ಹೊರಟು, ಪಾರ್ವತಿನಗರದ ಮನೆಯ ಮೆಟ್ಟಿಲ ಮೇಲೆ ಶೂ ಹಾಕಿಕೊಳ್ಳುತ್ತ ಜಂಬುನಾಥ ಇದನ್ನೇ ಯೋಚಿಸುತ್ತಿದ್ದ. ಏಳು ವರ್ಷದಿಂದ ಅವನ ಸಂಶೋಧನೆ ಆ ಸಕ್ಕರೆಯ ಮೇಲೆಯೇ. ಸಿರುಗುಪ್ಪದ ಎರಡು ಸಂಬಂಧ "ಹುಡುಗ ಏನ್ ಮಾಡ್ತಾನ?" ಎಂಬಲ್ಲಿಯೇ ಮುರಿದಿದ್ದವು. ಕುರುಗೋಡಿನ ಸೌಂದರ್ಯಳ ಫೋಟೊ ನೋಡಿದ ಮೇಲೆ ಇದೊಂದು ಮುರಿಯದಿರಲಿ ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು.

ತಂದೆತಾಯಿ ಇಲ್ಲದ ಅವನಿಗೆ ಪಕ್ಕದ ಮನೆಯ ಶಿವಬಸಮ್ಮನೇ ಹಿರಿಯಳು. ಅವಳು ಗೋಡೆಯಾಚೆಯಿಂದ ಇಣುಕಿದಳು.

"ಏನಪಾ, ಇಷ್ಟು ವರ್ಷದಿಂದ ಏನ್ ಮಾಡಾಕ ಹತ್ತೀಯಂತ ಹೇಳ್ಲಿ ಅವರಿಗೆ?"

"ಸಕ್ಕರಿ, ದೊಡ್ಡವ್ವಾ... ಮೈಮ್ಯಾಲೆ... ಏಳು ವರ್ಷದಿಂದ..."

ಮುಂದಿನ ಪದಕ್ಕಾಗಿ ತಡಕಾಡಿ ಸುಮ್ಮನಾದ. ಅವನ ಮೌನ ಯಾವಾಗಲೂ ತಪ್ಪು ಜಾಗದಲ್ಲಿಯೇ ಪೂರ್ಣವಿರಾಮ ಹಾಕುತ್ತಿತ್ತು.

"ಅಯ್ಯ ಶಿವನ! ಇಷ್ಟು ಸಣ್ಣ ವಯಸ್ಸಿಗೆ ಸಕ್ಕರಿ ಕಾಯಿಲಿ? ಮುಚ್ಚಿಟ್ಟು ಮದುವಿ ಮಾಡಿಸಿದ ಪಾಪ ನನಗ ಬ್ಯಾಡಪ!" ಎಂದವಳೇ ಕುರುಗೋಡಿಗೆ ಫೋನು ಹಚ್ಚಿದಳು.

ಆಟೊ ಓಡಿಸುವ ಗಾದೆಪ್ಪನಿಗೂ ಅವಳು ಸುದ್ದಿ ಮುಟ್ಟಿಸಿಯೇ ಕಳಿಸಿದಳು. ಆಟೊದಲ್ಲಿ ಜಂಬುನಾಥ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಗಾದೆಪ್ಪನೇ ಮಾತಾಡಿದ. "ಬರಿಗಾಲಾಗ ಅಡ್ಡಾಡಬ್ಯಾಡ್ರಿ ಸರ. ನಮ್ಮ ಮಾವಂದು ಹಿಂಗ ಬೆರಳು ಹೋತು." ಕೌಲ್ ಬಜಾರಿನಲ್ಲಿ ಆಟೊ ನಿಲ್ಲಿಸಿ, ಎರಡು ಕಿಲೊ ಹಾಗಲಕಾಯಿ ತಂದು, ಮುತ್ತೈದೆಗೆ ಉಡಿ ತುಂಬಿದಂತೆ ಅವನ ತೊಡೆಯ ಮೇಲೆ ಸುರಿದ.

ಕುರುಗೋಡಿನಲ್ಲಿ ಎಲ್ಲರಿಗೂ ಶಿರಾ ಬಂತು. ಜಂಬುನಾಥನ ಮುಂದೆ ಮಾತ್ರ ಹಾಗಲಕಾಯಿಯ ಹಸಿರು ರಸದ ಲೋಟ.

ಹುಡುಗಿಯ ತಂದೆ ಕೊಟ್ರಬಸಪ್ಪ ಕನ್ನಡಕ ತೆಗೆದ. "ಖರೇನೇನಪಾ ಸಕ್ಕರಿ ಸುದ್ದಿ?"

"ಹಂಗಲ್ರಿ... ಆ ಸಕ್ಕರಿ ಇಲ್ಲಂದ್ರ ಜೀವ ಮುಂದಕ್ಕ ಬೆಳಿಯಂಗಿಲ್ರಿ..."

ಕೊಟ್ರಬಸಪ್ಪ ತೊಡೆ ತಟ್ಟಿದ. "ಕೇಳ್ರಿ! ಕಾಯಿಲಿ ಬಗ್ಗೆ ಹಿಂಗ ಧೈರ್ಯದಿಂದ ಮಾತಾಡೋರನ್ನ ನಾ ನೋಡೇ ಇಲ್ಲ. ನಮ್ಮ ಹುಡುಗಿಗೂ ಐತಪಾ. ಹೇಳಿದ ಕೂಡ್ಲೆ ನಾಕು ವರ ಎದ್ದು ಹೋದ್ವು. ನೀ ಒಬ್ಬನ ನಿಂದು ನೀನ ಹೇಳಿ ಕಳಿಸಿದಾಂವ. ಇಂಥಾ ಸತ್ಯವಂತಗಲ್ದ ಮತ್ಯಾರಿಗೆ ಕೊಡ್ಲಿ?"

ಈಗ ನಿಜ ಹೇಳಿದರೆ ಜಂಬುನಾಥನೇ ಸುಳ್ಳ.

ಸೌಂದರ್ಯ ಬಂದು ಎದುರಿಗೆ ಕೂತಳು. ಅವಳ ಕೈಯಲ್ಲೂ ಅದೇ ಹಸಿರು ಲೋಟ. "ನಂದು ಎರಡ ವರ್ಷರಿ," ಎಂದು ಮೆಲ್ಲಗೆ ಅಂದಳು. "ಎಲ್ಲಾರೂ ಶಿರಾ ತಿನ್ನುವಾಗ ಒಬ್ಬಾಕಿನ ಕುಂದ್ರೂದು ಬ್ಯಾಸರ ಆಕ್ಕಿತ್ತು. ಇವತ್ತ ಆಗವಲ್ದು."

ಫೋಟೊದಲ್ಲಿ ಇಲ್ಲದ ನಗು ಅವಳ ಮುಖದ ಮೇಲಿತ್ತು. ಜಂಬುನಾಥ ಶಿರಾದ ತಟ್ಟೆಯ ಕಡೆ ಒಮ್ಮೆ ನೋಡಿ, ಲೋಟ ಎತ್ತಿ, ಒಂದೇ ಗುಟುಕಿಗೆ ಕುಡಿದ.

ತನಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.