ದಾನಪ್ಪ ಮಾಸ್ತರರ ಸಮುದ್ರ

ದಾನಪ್ಪ ಮಾಸ್ತರರ ತಾಪತ್ರಯಕ್ಕೆಲ್ಲ ಮೂಲ ಒಂದು ಕಪ್ಪು ಕನ್ನಡಕ. ಮೂಗಿನ ಮೇಲೆ ತಣ್ಣಗೆ ಕೂರುವಂಥದ್ದಲ್ಲ. ಅರ್ಧ ಮುಖ ನುಂಗುವ, ಟಿಫಿನ್ ಡಬ್ಬಿಯಷ್ಟು ದಪ್ಪದ ವಿ.ಆರ್. ಕನ್ನಡಕ. ಹಾಕಿಕೊಂಡರೆ ಕುಳಿತಲ್ಲೇ ಸಮುದ್ರದ ತಳ ಕಾಣುತ್ತಿತ್ತು. ವಿಕ್ರೋಳಿಯ ಕಂಪನಿಯೊಂದು ಜೋಗೇಶ್ವರಿಯಲ್ಲಿ ಅವರು ಕಲಿಸುತ್ತಿದ್ದ ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಒಂದೇ ಒಂದನ್ನು ಕಳಿಸಿತ್ತು. ಮೂರು ಗಂಟೆಗೆ ಕಂಪನಿಯ ಹರಿಣಿ ಮೇಡಂ ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ನಾಲ್ಕನೇ ಇಯತ್ತೆಯ, ಅಂದರೆ ಮಾಸ್ತರರ ತರಗತಿಯ, ಹದಿನೆಂಟು ಮಕ್ಕಳಿಗೂ ಒಂದೊಂದು ಕನ್ನಡಕ.

“ಮೆಚ್ಚದಿದ್ರೆ ಗೊತ್ತುಂಟಲ್ಲ?” ಎಂದರು ಉಡುಪಿ ಕಡೆಯ ಮುಖ್ಯೋಪಾಧ್ಯಾಯಿನಿ ವಾರಿಜಾ ಟೀಚರ್. “ನಿಮ್ಮ ರೂಮಿನ ಮೇಲೆ ಇಂಗ್ಲಿಷ್ ಸೆಕ್ಷನಿನವರ ಕಣ್ಣು ಬಿದ್ದಾಗಿದೆ ಮಾರಾಯ್ರೆ. ಡಿಜಿಟಲ್ ಕ್ಲಾಸ್ ಅಂತ ಬೋರ್ಡ್ ಹಾಕದಿದ್ರೆ ರೂಮು ಅವರಿಗೆ, ಮಕ್ಕಳು ಮೂರನೇ ಇಯತ್ತೆಯ ಒಟ್ಟಿಗೆ. ನೀವು ವಾರ್ಡ್ ಆಫೀಸಿಗೆ, ಬೀದಿನಾಯಿ ಎಣಿಸ್ಲಿಕ್ಕೆ.”

ಮಾಸ್ತರರು ಹನ್ನೊಂದು ವರ್ಷ ಅದೇ ರೂಮಿನಲ್ಲಿ ಸೀಮೆಸುಣ್ಣ ಸವೆಸಿದವರು. ಆ ಮಕ್ಕಳನ್ನು ಬಿಟ್ಟಿರುವುದು ಅವರಿಂದ ಆಗದ ಮಾತು.

“ಮೊದಲ ನೀವ ಹಾಕ್ಕೊಂಡು ನೋಡ್ರಿ ಸರ್. ಹುಡುಗೂರ ಕಣ್ಣಿಗೆ ಏನರ ಆದ್ರ?” ಎಂದು ಶಾಲೆಯ ಶಿಪಾಯಿ ಗಂಗುಬಾಯಿ ಮೂಗು ತೂರಿಸಿದಳು.

ಹಾಕಿಕೊಂಡರು, ಅಷ್ಟೇ. ವಿಜಯಪುರದಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತು ಬೆಳೆದ ಜೀವ ಒಮ್ಮೆಲೇ ನೀರಿನೊಳಗೆ ಇಳಿದುಬಿಟ್ಟಿತು. ಎಲ್ಲೆಲ್ಲೂ ನೀಲಿ. ಆಮೆಯೊಂದು ಭುಜ ಸವರಿದಂತೆ ಹಾದುಹೋಯಿತು. ಕನ್ನಡಕದೊಳಗಿನ ಹೆಣ್ಣುದನಿ ಮೆಲ್ಲಗೆ ಉಸುರಿತು: “ಎಡಕ್ಕೆ ತಿರುಗಿ. ಕೈ ಚಾಚಿ. ಹೇಗನಿಸುತ್ತಿದೆ?”

ಮಾಸ್ತರರು ತಿರುಗಿದರು, ಕೈ ಚಾಚಿದರು. ಗುಂಡಗಿನದೇನೋ ಸಿಕ್ಕಿತು. “ಶಂಖ!” ಎಂದು ಎಳೆದರು.

“ಅಯ್ಯೋ ದೇವರೇ! ನಿಮಗೆಂತ ಮರುಳಾ?” ವಾರಿಜಾ ಟೀಚರ್ ಬಿಚ್ಚಿದ ತುರುಬು ಹಿಡಿದುಕೊಂಡು ಕೂಗಿದರು.

ಆಮೇಲೆ ಮಕ್ಕಳ ಸರದಿ, ತಲೆಗೆ ಎರಡು ನಿಮಿಷ. ಕಿಶೋರ ನೆಲದ ಮೇಲೆ ಈಜಲು ಹೋಗಿ ಬೆಂಚಿನಡಿ ಸಿಕ್ಕಿಕೊಂಡ. ಶೀತಲ ಕನ್ನಡಕ ಬಿಡಲೊಲ್ಲೆನೆಂದಳು. ಎಳೆದಾಟದಲ್ಲಿ ಅದರ ಪಟ್ಟಿ ಪಟ್ಟೆಂದು ಹರಿಯಿತು. ಗಂಗುಬಾಯಿ ಎಲ್ಲಿಂದಲೋ ಒಂದು ಲಾಡಿ ತಂದು ಗಂಟು ಬಿಗಿದು ಕೊಟ್ಟಳು.

ಆದರೆ ಕಾಯುತ್ತಿದ್ದ ಹದಿನೇಳು ಮಕ್ಕಳು ಸುಮ್ಮನಿರಬೇಕಲ್ಲ! ಹಾಕಿಕೊಂಡವರನ್ನು ಸುತ್ತುವರಿದು “ಏನೈತಿ? ಹೇಳು, ಹೇಳು!” ಎಂದು ಪೀಡಿಸತೊಡಗಿದರು. ಮನೆಯಲ್ಲೂ ಹಿಂದಿಯಾಡುವ ಶೀತಲ ಕನ್ನಡದಲ್ಲಿ ತಡವರಿಸಿದಳು: “ವೋ... ತಿಮಿಂಗಿಲ! ಲೋಕಲ್ ಟ್ರೈನಿನಷ್ಟು ಉದ್ದ!”

“ಎಷ್ಟು ಡಬ್ಬಿದು?”

“ಹನ್ನೆರಡು! ಬಣ್ಣ... ಮಳೆ ಬರೋ ಮೊದ್ಲು ಆಕಾಶ ಇರ್ತದಲ್ಲ, ಹಾಗೆ.”

ಕನ್ನಡಕವಿಲ್ಲದ ಮಕ್ಕಳೂ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತೂಗಾಡುತ್ತಿದ್ದರು. ಕಿಟಕಿಯ ಬಳಿ ನಿಂತ ಮಾಸ್ತರರೂ ಕಣ್ಣು ಮುಚ್ಚಿಕೊಂಡರು.

ಮೂರಕ್ಕೆ ಹತ್ತು ನಿಮಿಷವಿರುವಾಗ, ಲಾಡಿ ಗಟ್ಟಿಯಿದೆಯೋ ಇಲ್ಲವೋ ನೋಡೋಣವೆಂದು ಮತ್ತೊಮ್ಮೆ ತಾವೇ ಕಟ್ಟಿಕೊಂಡರು. ಮತ್ತದೇ ನೀಲಿ. ಗಡಿಯಾರ ಮರೆತೇಹೋಯಿತು. ಎಷ್ಟೋ ಹೊತ್ತಿನ ಮೇಲೆ ಆ ಹೆಣ್ಣುದನಿ ಕೇಳಿತು: “ಹೇಗನಿಸ್ತಿದೆ ಸರ್?”

ಈ ಸಲ ಸರ್ ಎಂದೂ ಕರೆಯಿತು! ಮಾಸ್ತರರು ಕರಗಿಹೋದರು.

“ಯವ್ವಾ, ಯಾರ ಮುಂದೂ ಹೇಳಬ್ಯಾಡ. ಹದಿನೆಂಟು ಬೇಕಂತ ಆ ಕಂಪನಿ ಮೇಡಂ ಮುಂದ ಹಲ್ಲು ಕಿಸೀಬೇಕು ನಾ. ಖರೇ ಹೇಳ್ತೀನಿ, ನನಗ ಒಂದ ಸಾಕು. ಎಲ್ಲಾರಿಗೂ ಒಂದೊಂದು ಕೊಟ್ರ ಅವರವರ ಸಮುದ್ರದಾಗ ಅವರವರು ಕುಂಡರ್ತಾರ. ಒಂದ ಇದ್ದದ್ದಕ್ಕ ಇವತ್ತು ಒಬ್ಬರು ನೋಡಿ ಹದಿನೇಳು ಮಂದಿಗೆ ಹೇಳಿದ್ರು. ಹನ್ನೊಂದು ವರ್ಷದಾಗ ನಾ ಕಲಿಸಲಾರದ್ದನ್ನ ಇವತ್ತು ಅವರ ಕಲಿತ್ರು.”

ಯಾರೋ ಮೂಗೆಳೆದ ಸದ್ದು. ಸಮುದ್ರಕ್ಕೆಲ್ಲಿಯ ನೆಗಡಿ? ಗಾಬರಿಯಿಂದ ಕನ್ನಡಕ ಕೀಳಹೋದರೆ ಗಂಟು ಬಿಚ್ಚಲೊಲ್ಲದು. ಗಂಗುಬಾಯಿ ಹಿಂದಿನಿಂದ ಜಗ್ಗಿದ ಮೇಲೆ ಬೆಳಕು ಕಂಡಿತು. ಎದುರಿಗೇ ಹರಿಣಿ ಮೇಡಂ! ಅವರ ಹಿಂದೆ ವಾರಿಜಾ ಟೀಚರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

“ಎರಡು ವರ್ಷದಿಂದ ಶಾಲೆ ಶಾಲೆ ತಿರುಗ್ತಿದ್ದೀನಿ ಸರ್,” ಮೇಡಂ ಕಣ್ಣೊರೆಸಿಕೊಂಡರು. “ನಿಜ ಹೇಳಿದವರು ನೀವೊಬ್ಬರೇ.”

ಬದುಕಿದೆಯಾ ಬಡಜೀವವೇ ಎಂದುಕೊಂಡರು ಮಾಸ್ತರರು. ಮೇಡಂ ಕನ್ನಡಕವನ್ನೆತ್ತಿ ಜೋಪಾನವಾಗಿ ತಮ್ಮ ಚೀಲಕ್ಕೆ ಹಾಕಿಕೊಂಡರು.

“ಒಬ್ಬರು ನೋಡಿ ಹೇಳಿದ್ರೆ ಸಾಕಲ್ವಾ? ನೀವೂ ನೋಡಿದ್ದೀರಿ. ಇನ್ನು ನೀವೇ ಹೇಳಿ. ನಿಮಗೆ ಈ ಒಂದೂ ಬೇಡ.” ವರದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದರು: ‘ಈ ಮಾಸ್ತರರಿಗೆ ಯಾವ ಯಂತ್ರದ ಅಗತ್ಯವೂ ಇಲ್ಲ.’ ಕೈಮುಗಿದು ಹೊರಟೇಹೋದರು.

ವಾರಿಜಾ ಟೀಚರ್ ಅದನ್ನು ಎರಡು ಸಲ ಓದಿದರು. “ಹೊಗಳಿದ್ದಾರೆ ಮಾರಾಯ್ರೆ, ತುಂಬಾ ಹೊಗಳಿದ್ದಾರೆ,” ಎಂದು ನಿಟ್ಟುಸಿರು ಬಿಟ್ಟು, ಡ್ರಾವರಿನಿಂದ ನಾಯಿ ಎಣಿಸುವ ಪುಸ್ತಕ ತೆಗೆದು ಮಾಸ್ತರರ ಕೈಗಿಟ್ಟರು.

ಸಂಜೆ ಗೇಟಿನ ಬಳಿ ಶೀತಲ ಅವ್ವನ ಸೆರಗು ಜಗ್ಗುತ್ತ ತಿಮಿಂಗಿಲದ ಕತೆ ಹೇಳುತ್ತಿದ್ದಳು, ಅದೂ ಕನ್ನಡದಲ್ಲೇ. ಮಾಸ್ತರರಿಗೆ ಅಳುವೂ ಬಂತು, ನಗುವೂ ಬಂತು. ಸ್ಟೇಷನ್ ದಾರಿಗೆ ಅಡ್ಡಲಾಗಿ ಕಂದು ನಾಯಿಯೊಂದು ಮಲಗಿತ್ತು. ಬೀದಿಗೆಲ್ಲ ನೀಲಿ ಮಬ್ಬು ಇಳಿಯುತ್ತಿತ್ತು.

“ಎಡಕ್ಕೆ ತಿರುಗಿ,” ಎಂದರು ಮೆಲ್ಲಗೆ.

ನಾಯಿ ಎದ್ದು, ಕನ್ನಡಕದೊಳಗಿನ ಆಮೆಯ ಹಾಗೇ ನಿಧಾನವಾಗಿ ಎಡಕ್ಕೆ ತಿರುಗಿ ಅವರನ್ನು ಸವರಿಕೊಂಡು ಹೋಯಿತು. ಚಾಚಹೊರಟ ಕೈಯನ್ನು ಹಿಂದೆಳೆದುಕೊಂಡ ಮಾಸ್ತರರು ಪುಸ್ತಕ ಬಿಚ್ಚಿ, ‘ಒಂದು’ ಎಂದು ಬರೆದುಕೊಂಡರು.